ಮೊದಲು ಆರಬೇಕಾದ ಬೀದಿ

ನಮ್ಮಣ್ಣ ಪುರಸಭೆಯ ಅಧ್ಯಕ್ಷನಾದ ಮೇಲೆ ನಮ್ಮ ಬೀದಿಗೆ ಕಾಸಿನ ಪ್ರಯೋಜನ ಆಗಲಿಲ್ಲ. ಊರಿಗೆಲ್ಲ ನಲ್ಲಿ ಬಂದ ಮೇಲೆ ನಮಗೆ ನಲ್ಲಿ, ಊರಿಗೆಲ್ಲ ಡಾಂಬರು ಬಿದ್ದ ಮೇಲೆ ನಮಗೆ ಡಾಂಬರು. ಅಧಿಕಾರ ಸಿಕ್ಕಿತೆಂದು ಮನೆಗೆ ಮಾಡಿಕೊಂಡ ಎಂದು ಯಾರೂ ಆಡಿಕೊಳ್ಳಬಾರದು, ಅಷ್ಟೇ ಅವನ ಚಿಂತೆ. ಅವನ ಪ್ರಾಮಾಣಿಕತೆಗಾಗಿ ದೂರದಿಂದ ನೀರು ಹೊತ್ತವಳು ಮಾತ್ರ ನಾನು.

ಈಗ ಊರು ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುವ ಯೋಜನೆ ಬಂತು. ಹಳೇ ಮೈದಾನದಲ್ಲಿ ಸೋಲಾರ್ ಫಲಕಗಳು, ಪಕ್ಕದ ಶೆಡ್ಡಿನಲ್ಲಿ ಬ್ಯಾಟರಿಗಳು. ಮೋಡ ಕವಿದ ದಿನ ಬ್ಯಾಟರಿ ಇಳಿದುಹೋದರೆ ಬೀದಿಗಳನ್ನು ಒಂದೊಂದಾಗಿ ಆರಿಸಬೇಕು. ಯಾರ ಬೀದಿ ಮೊದಲು ಎಂದು ಸದಸ್ಯರು ಕಚ್ಚಾಡುತ್ತಿದ್ದಾಗ ಅಣ್ಣ ಎದ್ದುನಿಂತು ನಮ್ಮದೇ ಇರಲಿ ಎಂದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಅಮ್ಮ ಆಮ್ಲಜನಕದ ಯಂತ್ರದ ಮೇಲೆ ಬದುಕಿದ್ದಾಳೆ. ಕರೆಂಟ್ ಹೋದರೆ ಇರಲಿ ಎಂದು ಇಟ್ಟಿರುವ ಸಿಲಿಂಡರ್ ಎಷ್ಟು ಹೊತ್ತು ಬಂದೀತು?

ಆಸ್ಪತ್ರೆಯ ಲೈನನ್ನು ಯಾವತ್ತೂ ಆರಿಸುವುದಿಲ್ಲ, ಇಂಥ ರೋಗಿಗಳಿರುವ ಮನೆಗೂ ಅದನ್ನೇ ಎಳೆಯಬಹುದು ಎಂದು ಯೋಜನೆ ನೋಡಿಕೊಳ್ಳುತ್ತಿದ್ದ ಎಂಜಿನಿಯರಮ್ಮ ಹೇಳಿದ್ದರು. ಅಣ್ಣ ಒಪ್ಪಲಿಲ್ಲ. ಅಧ್ಯಕ್ಷನ ಮನೆಗೆ ಆಸ್ಪತ್ರೆ ಲೈನೆಂದರೆ ಜನ ಸುಮ್ಮನಿರುತ್ತಾರಾ ಎಂದು ನನ್ನನ್ನೇ ಕೇಳಿದ. ಮಂಚದಲ್ಲಿದ್ದ ಅಮ್ಮ ಅವನನ್ನು ಬಿಟ್ಟುಬಿಡು ಎಂದು ನನಗೆ ಕೈಸನ್ನೆ ಮಾಡಿದಳು. ಅವಳಿಗೆ ಮೊದಲಿನಿಂದಲೂ ಮಗನೆಂದರೆ ಮುಗಿಯಿತು.

ಕೊನೆಯ ಸಭೆಗೆ ನಾನೂ ಹೋಗಿ ಜನರ ಬೆಂಚಿನಲ್ಲಿ ಕೂತೆ. ಎಂಜಿನಿಯರಮ್ಮ ಮೇಜಿನ ಮೇಲೆ ಊರಿನ ನಕ್ಷೆ ಹರಡಿ, ಯಂತ್ರವನ್ನೇ ನಂಬಿರುವ ರೋಗಿಗಳು ಯಾರ ಮನೆಯಲ್ಲಾದರೂ ಇದ್ದಾರಾ ಎಂದು ಕೇಳಿದರು. ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ನಾನು ಎದ್ದೆ. ಕೂತ್ಕೋ ಎಂದು ಕಣ್ಣಲ್ಲೇ ಗದರಿದ.

"ನಿನ್ನ ಮರ್ಯಾದೆ ಉಳಿಯೋಕೆ ಅಮ್ಮ ಉಸಿರು ಕಟ್ಟಿ ಸಾಯಬೇಕಾ?" ಎಂದೆ.

ಆಗ ನನ್ನ ಹಿಂದಿನಿಂದ ನಮ್ಮ ಬೀದಿಯ ದರ್ಜಿ ಎದ್ದ. ಅವನ ಹೆಂಡತಿಗೆ ಕಾಯಿಲೆ ಎಂಬುದಷ್ಟೇ ನಮಗೆ ಗೊತ್ತಿತ್ತು. ಅವಳೂ ಅಂಥದೇ ಯಂತ್ರದ ಮೇಲಿದ್ದಾಳಂತೆ. ಮೊನ್ನೆ ಪರೀಕ್ಷೆಗೆಂದು ನಮ್ಮ ಬೀದಿ ಆರಿಸಿದಾಗ ಅಮ್ಮನಿಗೆ ಸಿಲಿಂಡರ್ ಇತ್ತು; ಅದೂ ಇಲ್ಲದೆ ಅವನ ಹೆಂಡತಿಯ ತುಟಿ ನೀಲಿಗಟ್ಟಿ, ಇವನು ಹೊತ್ತುಕೊಂಡೇ ಆಸ್ಪತ್ರೆಗೆ ಓಡಿದನಂತೆ. ಇನ್ನೂ ಅಲ್ಲೇ ಮಲಗಿದ್ದಾಳೆ, ಮಾತಿಲ್ಲ.

ಅಣ್ಣನ ಮುಖ ಬಿಳಿಚಿಕೊಂಡಿತು. "ಮೊದಲೇ ನನಗೆ ಯಾಕಪ್ಪಾ ಹೇಳಲಿಲ್ಲ?"

"ನೀವೇ ನಿಮ್ಮ ತಾಯಿಗೆ ಅಂತ ಏನೂ ಕೇಳ್ಕೊಳ್ಳಲಿಲ್ಲ," ಎಂದ ದರ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಸಹಿಸಲಾಗಲಿಲ್ಲ. "ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ?"

ಅಣ್ಣ ಪೆನ್ಸಿಲ್ ತೆಗೆದುಕೊಂಡು, ಆಸ್ಪತ್ರೆ ಲೈನಿಗೆ ಗುರುತು ಹಾಕಲು ನಕ್ಷೆಯಲ್ಲಿ ದರ್ಜಿಯ ಮನೆ ಹುಡುಕಿದ. ಹುಟ್ಟಿದಂದಿನಿಂದ ಓಡಾಡಿದ ಬೀದಿ, ಆದರೂ ಸಿಗಲಿಲ್ಲ. ದರ್ಜಿಯೇ ಬಂದು ತೋರಿಸಬೇಕಾಯಿತು.