ಚಕ್ರ ಕಳಚಿದ ಚಳಿಗಾಲ

ಇರೇನಾ ಅಮ್ಮನ ಶವಪೆಟ್ಟಿಗೆಯ ಪಕ್ಕದಲ್ಲಿದ್ದ ಫೋಟೋವನ್ನು ಎತ್ತಿ ಮಗುಚಿಟ್ಟಳು. ಸಿಂಗಪುರದ ಬೆಡೋಕ್‌ನ ಆ ವಾಯ್ಡ್ ಡೆಕ್‌ನಲ್ಲಿ, ವಸತಿ ಕಟ್ಟಡದ ಕೆಳಗಿನ ತೆರೆದ ಅಂಗಳದಲ್ಲಿ, ಕೂತಿದ್ದವರು ತಿರುಗಿ ನೋಡಿದರು.

ಫೋಟೋ ಇಟ್ಟವರು ಅವಳ ಗಂಡ ಕೌಶಿಕನ ಚಿಕ್ಕಪ್ಪ ದ್ವಾರಕನಾಥ್. ಅದರಲ್ಲಿ ಇರೇನಾಳ ತಾಯಿ ಮಾರ್ಗೀಟಾ ಎಂಟು ವರ್ಷದ ಹುಡುಗಿ. ಅಧಿಕಾರಿಯ ಕೈಯಿಂದ ಮನೆಯ ಬೀಗದಕೈ ತೆಗೆದುಕೊಳ್ಳುತ್ತ ನಗುತ್ತಿದ್ದಳು. ಬೀಗಿತ್ತಿಯ ಜನ ರೋಮಾ ಅಲೆಮಾರಿಗಳು, ಆಗಿನ ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಸರ್ಕಾರ ಅವರಿಗೆ ಮನೆ, ಸ್ಕೂಲು ಎಲ್ಲ ಕೊಟ್ಟಿತು ಎಂದು ದ್ವಾರಕನಾಥ್ ಬಂದವರಿಗೆಲ್ಲ ಹೇಳುತ್ತಿದ್ದರು.

"ಯಾಕಮ್ಮ, ಚೆನ್ನಾಗೇ ಇತ್ತಲ್ಲ?"

"ತಾತ ನಗಲಿಲ್ಲ ಅಂಕಲ್. ಅದಕ್ಕೇ ಅಮ್ಮನ್ನ ನಿಲ್ಲಿಸಿದ್ರು. ನಗು, ನಗು ಅಂತ ಮೂರು ಸಲ ಗದರಿಸಿ ತೆಗೆದಿದ್ದು," ಎಂದಳು ಇರೇನಾ. ಇಪ್ಪತ್ತು ವರ್ಷದ ಸಂಸಾರದಲ್ಲಿ ಕಲಿತ ಕನ್ನಡ ಅವಳದು.

*

೧೯೫೯ರ ಫೆಬ್ರವರಿ. ಪೊಲೀಸರು ಮಾರ್ಗೀಟಾಳ ಜನರ ಬಿಡಾರವನ್ನು ಸುತ್ತುವರಿದು ಎಲ್ಲರ ಹೆಸರು ಬರೆದುಕೊಂಡರು. ಕುದುರೆಗಳನ್ನು ಲಾರಿಗೆ ಹತ್ತಿಸಿದರು. ಬಂಡಿಗಳ ಚಕ್ರ ಕಳಚಿ, ರಾಶಿ ಹಾಕಿ ಬೆಂಕಿ ಇಟ್ಟರು. ಇನ್ನು ಅಲೆದರೆ ಜೈಲು ಎಂದು ಓದಿ ಹೇಳಿದ ಅಧಿಕಾರಿ ಆ ಬೆಂಕಿಯಲ್ಲೇ ಕೈ ಕಾಯಿಸಿಕೊಂಡ.

ಮಾರ್ಗೀಟಾಳ ಅಪ್ಪ ಕುದುರೆಗೆ ಲಾಳ ಕಟ್ಟುತ್ತಿದ್ದವನು. ಅವನನ್ನು ಇಟ್ಟಿಗೆ ಕಾರ್ಖಾನೆಗೆ ಹಾಕಿದರು. ಎರಡು ವರ್ಷದ ಮೇಲೆ, ಅನುಮತಿಯಿಲ್ಲದೆ ಪಕ್ಕದ ಜಿಲ್ಲೆಗೆ ತಂಗಿಯ ಮದುವೆಗೆ ಹೋದದ್ದಕ್ಕೆ ಆರು ತಿಂಗಳು ಜೈಲಾಯಿತು. ಕೆಮ್ಮುತ್ತ ಹಿಂತಿರುಗಿದವನು ಆ ಚಳಿಗಾಲ ದಾಟಲಿಲ್ಲ.

*

ಮಗಳ ಮನೆಗೆಂದು ಸಿಂಗಪುರಕ್ಕೆ ಬಂದ ಮೇಲೆ ಮಾರ್ಗೀಟಾ ದಿನಾ ಬೆಳಗ್ಗೆ ರೈಲು ಹತ್ತಿ ಎಲ್ಲಿಗೋ ಹೋಗಿಬಿಡುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ಮುಖ ಗಂಟಿಕ್ಕುತ್ತಿದ್ದರು. ಕೌಶಿಕ್ ಕೇಳುವುದನ್ನೇ ಬಿಟ್ಟಿದ್ದ. ಮೊನ್ನೆ ಬುಕಿತ್ ಪಂಜಾಂಗ್‌ನ ಎಲ್‌ಆರ್‌ಟಿ ರೈಲಿನಲ್ಲಿ, ಕಿಟಕಿಗೆ ತಲೆಯಾನಿಸಿದಂತೆಯೇ ತೀರಿಕೊಂಡಿದ್ದರು.

"ಆದ್ರೂ ಮಕ್ಕಳನ್ನ ಕಟ್ಕೊಂಡು ಚಳೀಲಿ ಅಲೆಯೋದಕ್ಕಿಂತ ಒಂದು ಸೂರು..." ದ್ವಾರಕನಾಥ್ ಮಗುಚಿಟ್ಟ ಫೋಟೋ ನೋಡುತ್ತ ಮೆಲ್ಲಗೆ ಶುರುಮಾಡಿದರು.

"ಸೂರು ಬೇಡ ಅಂತ ಯಾರೂ ಹೇಳ್ಲಿಲ್ಲ ಅಂಕಲ್. ಬೇಕಾ ಅಂತ ಯಾರೂ ಕೇಳ್ಲೂ ಇಲ್ಲ. ಕುದುರೆ ಕಿತ್ಕೊಂಡು, ಬಂಡಿ ಚಕ್ರ ಸುಟ್ಟು ಕೊಟ್ಟಿದ್ದಕ್ಕೆ ಅಮ್ಮ ಸತ್ತ ಮೇಲೂ ಥ್ಯಾಂಕ್ಸ್ ಹೇಳ್ಬೇಕಾ?"



ಶವದ ವ್ಯಾನ್ ಹೊರಟಿತು. ಕಾರ್ ಪಾರ್ಕ್ ಗೇಟಿನ ತನಕ ಹಿಂದೆ ನಡೆದು, ಅಲ್ಲಿ ಬಸ್ ಹತ್ತಬೇಕು ಎಂದು ಅಂತ್ಯಕ್ರಿಯೆಯ ಮೇಲ್ವಿಚಾರಕ ತಿಳಿಸಿದ್ದ. ಎಲ್ಲರೂ ಹತ್ತಿದರು. ಇರೇನಾ ಮಾತ್ರ ಮಗಳು ಜಾನ್ವಿಯ ಕೈ ಹಿಡಿದು ನಡೆಯುತ್ತಲೇ ಇದ್ದಳು. ರಸ್ತೆಯಲ್ಲಿ ನಡೆಯುವಂತಿಲ್ಲ ಎಂದು ಅವನು ಓಡಿಬಂದು ಹೇಳಿದ. ಅವಳು ತಿರುಗಿಯೂ ನೋಡಲಿಲ್ಲ. ಮುಂದೆ ವ್ಯಾನಿನ ಡ್ರೈವರ್ ಕನ್ನಡಿಯಲ್ಲಿ ನೋಡಿ ವೇಗ ತಗ್ಗಿಸಿದ. ಸುಡುವ ಬಿಸಿಲಿನಲ್ಲಿ ತಾಯಿ ಮಗಳು ಬೀದಿಯ ನಟ್ಟನಡುವೆ ನಡೆದರು. ಹಿಂದೆ ಜನ ತುಂಬಿದ ಬಸ್ಸು ಹಾರ್ನ್ ಮಾಡದೆ, ಹೆಜ್ಜೆ ಹೆಜ್ಜೆಯಾಗಿ ಬರುತ್ತಿತ್ತು.