ಬಾಲವನ್ನು ಅತಿಥಿ ಎಂದವರು

ನಮ್ಮ ಪ್ರೊಫೆಸರರಿಗೆ ಪ್ರಯೋಗಾಲಯದಲ್ಲಿ ನಾವಿಟ್ಟ ಹೆಸರು ‘ಗತ್ತು’. ಅವರು ಪಿಪೆಟ್ ಮುಟ್ಟಿದ್ದನ್ನು ಹನ್ನೊಂದು ವರ್ಷದಿಂದ ಕಂಡವರಿಲ್ಲ.

ನಾನು ನಾಲ್ಕು ವರ್ಷದಿಂದ ಒಂದೇ ಪ್ರೋಟೀನಿನ ಬೆನ್ನು ಹತ್ತಿದ್ದೆ. ಬ್ಯಾಕ್ಟೀರಿಯಾದೊಳಗೆ ಬೇರೆ ಪ್ರೋಟೀನುಗಳು ಗಂಟುಗಂಟಾಗದಂತೆ ಹಿಡಿದು, ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್ ಅದು. ವಿವರಿಸಿದಾಗ ಅಮ್ಮ, “ಅಂದ್ರೆ ಮಕ್ಕಳನ್ನ ನೋಡ್ಕೊಳ್ಳೋ ಆಯಾ ಅನ್ನು. ಅದಕ್ಕೆ ನಾಲ್ಕು ವರ್ಷ ಯಾಕೆ?” ಅಂದಿದ್ದಳು. ಅದರ ಒಂದು ತುಂಡನ್ನು, ಬೇರೆ ಪ್ರೋಟೀನನ್ನು ಹಿಡಿಯುವ ಭಾಗವನ್ನು, ಹರಳುಗಟ್ಟಿಸಬೇಕಿತ್ತು. ಹರಳಿಗೆ ಎಕ್ಸ್‌ರೇ ಹಾಯಿಸಿದರೆ ಯಾವ ಪರಮಾಣು ಎಲ್ಲಿದೆ ಎಂಬ ನಕ್ಷೆ ಸಿಗುತ್ತದೆ.

ಕೊನೆಗೂ ಉಪ್ಪಿನ ಹರಳಿಗಿಂತ ಚಿಕ್ಕದೊಂದು ಬಂತು. ನಕ್ಷೆಯೂ ಬಂತು. ಹಿಡಿಯುವ ತೋಡಿನಲ್ಲಿ ಉದ್ದನೆಯದೇನೋ ಮಲಗಿತ್ತು.

“ಅತಿಥಿ!” ಗತ್ತು ಕುರ್ಚಿಯಿಂದ ಎದ್ದೇಬಿಟ್ಟರು. “ಬೇರೆ ಪ್ರೋಟೀನನ್ನ ಹಿಡಿದಿರೋವಾಗಲೇ ಸಿಕ್ಕಿಬಿದ್ದಿದೆ!”

“ಸರ್, ಅದು ಬಾಲ ಇರಬಹುದು. ಆರು ಉಬ್ಬು ಸಾಲಾಗಿವೆ ನೋಡಿ.”

ಪ್ರೋಟೀನನ್ನು ಉಳಿದ ಕಸದಿಂದ ಎಳೆದು ತೆಗೆಯಲು ಅದರ ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಆರು ಮಣಿಗಳ ಬಾಲವನ್ನು ನಾವೇ ಅಂಟಿಸಿರುತ್ತೇವೆ. ಹರಳಿನಲ್ಲಿ ಪಕ್ಕದ ಅಣುವಿನ ಬಾಲ ಈ ತೋಡಿಗೆ ತೂರಿಕೊಂಡಂತಿತ್ತು.

“ನೋಡಮ್ಮಾ, ನೀನು ಹುಟ್ಟೋಕೆ ಮುಂಚೆಯಿಂದ ನಾನು ನಕ್ಷೆ ಓದ್ತಿದೀನಿ.”

ಓದುತ್ತಿದ್ದರು, ನಿಜ. ಕೈರೇಖೆ ಓದುವವರ ಹಾಗೆ, ಬೇಕಾದ್ದು ಕಾಣುವವರೆಗೂ.

ಎರಡೇ ವಾರಕ್ಕೆ ದೊಡ್ಡ ಸಮ್ಮೇಳನದಲ್ಲಿ ಅತಿಥಿಗೆ ಚಿನ್ನದ ಬಣ್ಣ ಬಳಿದು ಪರದೆ ಮೇಲೆ ತೋರಿಸಿದರು. ಮೂರನೇ ಸಾಲಿನಿಂದ ನರೆಗೂದಲಿನ ಮಹಿಳಾ ವಿಜ್ಞಾನಿಯೊಬ್ಬರು ಎದ್ದು ಕೇಳಿದರು: “ಬಾಲ ಕತ್ತರಿಸಿ ನೋಡಿದ್ರಾ?”

“ಅದೆಲ್ಲ ಆಗಲೇ ಮುಗಿಸಿದೀವಿ,” ಎಂದರು ಗತ್ತು, ರೆಪ್ಪೆ ಬಡಿಯದೆ. ಅಲ್ಲಿಗೆ ಬಿಡಬಾರದಿತ್ತೇ? “ನಮ್ಮ ಹುಡುಗಿ ಇಲ್ಲೇ ಇದಾಳೆ, ಬೇಕಾದ್ರೆ ಕೇಳಿ.”

ಮೈಕು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು.

“ಇಲ್ಲ,” ಅಂದೆ. “ಕತ್ತರಿಸಿಲ್ಲ. ಅದು ಬಾಲವೇ ಅಂತ ನನ್ನ ಅನುಮಾನ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ವಾಪಸು ಬರುವಾಗ ರೈಲಿನಲ್ಲಿ ಮೂರು ಗಂಟೆ ಗತ್ತು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಸೋಮವಾರ ನೋಡಿದರೆ ನನ್ನ ಮೇಜು ಗುರುಗುಡುವ ಫ್ರಿಜ್ಜಿನ ಪಕ್ಕಕ್ಕೆ ಹೋಗಿತ್ತು. ದೊಡ್ಡ ಮನುಷ್ಯರ ಸೇಡಿನ ಉದ್ದ ಅಷ್ಟೇ.

ಫ್ರಿಜ್ಜಿನ ಪಕ್ಕವೇ ಕೂತು ಬಾಲ ಕತ್ತರಿಸಿದೆ. ಏಳು ತಿಂಗಳಿಗೆ ಹೊಸ ಹರಳು ಬಂತು. ತೋಡು ಖಾಲಿ! ಅಷ್ಟೇ ಅಲ್ಲ, ಬಾಲದ ಒತ್ತು ತಪ್ಪಿದ್ದೇ ತೋಡಿನ ಮೇಲಿನ ಮುಚ್ಚಳ ಬಾಗಿ ಮುಚ್ಚಿಕೊಂಡಿತ್ತು. ಆ ಪ್ರೋಟೀನನ್ನು ಹಾಗೆ ಯಾರೂ ಕಂಡಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

“ಖಾಲಿ ಅಂತ ತಿಳ್ಕೊಳ್ಳೋಕೆ ಐದು ವರ್ಷವಾ?” ಅಂದಳು. ಆಮೇಲೆ, “ಅಳ್ತಿದೀಯೇನೇ?” ಅಂದಳು.

ಗತ್ತು ನಕ್ಷೆ ನೋಡಿ, ಕನ್ನಡಕ ಒರೆಸಿಕೊಂಡು, “ನನಗೆ ಮೊದಲಿಂದಲೂ ಅನುಮಾನ ಇತ್ತು,” ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನಕ್ಷೆಯನ್ನು ಆ ನರೆಗೂದಲಿನ ವಿಜ್ಞಾನಿಗೆ ಕಳಿಸಿದೆ. ಹೊಗಳಿಕೆ ಬರಲಿಲ್ಲ. ಎರಡು ಸಾಲು ಬಂತು: ‘ಮುಚ್ಚಳದ ಬುಡದಲ್ಲಿ ಒಂದು ಕಡೆ ತಪ್ಪಿದೆ, ತಿದ್ದು. ಇಲ್ಲಿ ಒಂದು ಹುದ್ದೆ ಖಾಲಿ ಇದೆ, ಬರ್ತೀಯಾ?’

ತಪ್ಪು ನಿಜವಾಗಿಯೂ ಇತ್ತು. ತಿದ್ದಿದೆ. ರಾಜೀನಾಮೆ ಪತ್ರವನ್ನೂ ಅವತ್ತೇ ಬರೆದೆ.