ವರದಿಗೆ ಸೇರದ ಎರಡು ಹಾಳೆ

ನಾನು ಎರಡು ಹಾಳೆಗಳ ಒಂದು ಭಿನ್ನಮತದ ಟಿಪ್ಪಣಿ. ವಿಶ್ವವಿದ್ಯಾಲಯವೊಂದರ ಕಚೇರಿಯಲ್ಲಿ, ನದಾಫ್ ಎಂಬ ಟೈಪಿಸ್ಟರ ಬೆರಳುಗಳ ಕೆಳಗೆ ಹುಟ್ಟಿದೆ. ಮೇಲಿನ ಬಿಳಿ ಪ್ರತಿ ನನ್ನ ಅಣ್ಣ. ಕಾರ್ಬನ್ನಿನ ಅಡಿಯಲ್ಲಿ ನೀಲಿ ಅಕ್ಷರ ಹೊತ್ತದ್ದು ನಾನು.

ನನ್ನನ್ನು ಬರೆದವರು ಸಸ್ಯಶಾಸ್ತ್ರದ ಅಧ್ಯಾಪಕಿ ಶಿವಗಂಗಾ ಕಮತಗಿ. ಬಿ.ಎಸ್ಸಿ. ಪಠ್ಯಕ್ರಮ ಸುಧಾರಿಸಲು ನೇಮಿಸಿದ್ದ ಏಳು ಜನರ ಸಮಿತಿಯಲ್ಲಿ ಸಣ್ಣ ಊರಿನಿಂದ ಬಂದವರು ಅವರೊಬ್ಬರೇ. ಸಲಕರಣೆ ಸಾಲದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಯೋಗ ಮಾಡುವುದು ಬೇಡ, ಅಧ್ಯಾಪಕರು ಮಾಡಿ ತೋರಿಸಿದರೆ ಸಾಕು ಎಂಬ ಶಿಫಾರಸಿಗೆ ಉಳಿದ ಆರು ಜನ ಒಪ್ಪಿದ್ದರು. “ಸಲಕರಣೆ ಇಲ್ಲದಿದ್ದರೆ ಸಲಕರಣೆ ಕೊಡಿ, ಪ್ರಯೋಗವನ್ನು ಕಿತ್ತುಕೊಳ್ಳಬೇಡಿ” ಎಂಬುದು ನನ್ನ ಮೊದಲ ಸಾಲು.

ಸಭೆಯಲ್ಲಿ ನಾನು ಕಮತಗಿಯವರ ಮಡಿಲ ಮೇಲಿನ ಚೀಲದಲ್ಲಿದ್ದೆ. ಅಧ್ಯಕ್ಷ ಡಾ. ಬಿದರಿ ಅಣ್ಣನನ್ನು ಓದಿ ಮುಗಿಸಿದರು.

“ಕಮತಗಿ ಬಾಯಾರ, ವರದಿ ಒಮ್ಮತದ್ದು ಅಂತ ಹೋದ್ರ ಚಲೋ. ಈ ಹಾಳಿ ತಗದುಬಿಡ್ರಿ.”

“ಒಮ್ಮತ ಇಲ್ರಿ ಸರ. ಇಲ್ಲದ್ದನ್ನ ಐತಿ ಅಂತ ನಾ ಸಹಿ ಮಾಡಂಗಿಲ್ಲ.”

“ನಿಮ್ಮ ಕಾಲೇಜಿನ್ಯಾಗ ಇರೋದು ಒಂದ ಮೈಕ್ರೋಸ್ಕೋಪ್. ನಲವತ್ತು ಮಂದಿ ಏನ್ ನೋಡ್ತಾರ?”

“ಪಾಳಿ ಹಚ್ಚಿ ನೋಡ್ತಾರ್ರಿ. ತಾವ ದಂಟು ಕೊಯ್ದು ನೋಡ್ತಾರ.”

ಅವರು ಸಹಿ ಮಾಡದೆ ಎದ್ದು ಬಂದರು. ಜೂನ್‌ನಲ್ಲಿ ಅಚ್ಚಾದ ವರದಿ, ಅದನ್ನು ಈ ವರ್ಷದಿಂದಲೇ ಪಾಲಿಸಬೇಕೆಂಬ ಆದೇಶದ ಜೊತೆ ಕಾಲೇಜಿಗೆ ಬಂತು. ಅದರಲ್ಲಿ ನನ್ನ ಅಣ್ಣ ಇರಲಿಲ್ಲ. ಕಮತಗಿಯವರ ಹೆಸರಿನ ಮುಂದೆ ‘ಗೈರುಹಾಜರು’ ಎಂದಿತ್ತು. ಅವರು ಆ ಪದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಒಯ್ದು ನೋಟಿಸ್ ಬೋರ್ಡಿಗೆ ಚುಚ್ಚಿದರು.

ಪ್ರಾಂಶುಪಾಲರು ಹೆದರಿ ನನ್ನನ್ನು ಕಿತ್ತು ಅವರ ಕೈಗಿಟ್ಟರು. ಕಮತಗಿಯವರು ಪ್ರಯೋಗಾಲಯದ ಗೋಡೆಗೆ ಅಂಟು ಹಚ್ಚಿ ನನ್ನನ್ನು ಮೆತ್ತಿದರು. ಅಲ್ಲಿಂದ ನಾನು ಬಹಳ ವರ್ಷ ಅಲುಗಲಿಲ್ಲ.

ಮೊದಲ ‘ಮಾಡಿ ತೋರಿಸುವ’ ತರಗತಿಯ ದಿನ ನನ್ನನ್ನು ಓದಿದ್ದ ನಲವತ್ತು ವಿದ್ಯಾರ್ಥಿಗಳಲ್ಲಿ ಒಬ್ಬರೂ ಬೆಂಚಿನ ಮೇಲೆ ಕೂರಲಿಲ್ಲ. ಮೇಜುಗಳ ಮುಂದೆ ನಿಂತರು. ಅವರಲ್ಲೊಬ್ಬಳು, ಹೂ ಕಟ್ಟುವವರ ಮನೆಯ ಕಸ್ತೂರಿ ಹೂಗಾರ, ಬುಟ್ಟಿ ತುಂಬ ಸೂರ್ಯಕಾಂತಿಯ ದಂಟು ತಂದಿದ್ದಳು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬ್ಲೇಡು. ಕಮತಗಿಯವರು ತಡೆಯಲಿಲ್ಲ. ಹಾಗೆ ಐದು ತಿಂಗಳು ನಡೆಯಿತು.

ಆದೇಶ ಮೀರಿದ್ದನ್ನು ವಿಚಾರಿಸಲು ಬಿದರಿಯವರೇ ಬಂದರು. ಗೋಡೆಯ ಮೇಲಿದ್ದ ನನ್ನನ್ನು ನೋಡಿದರು, ಓದಲಿಲ್ಲ. ಕಸ್ತೂರಿಯನ್ನು ಕರೆದು, “ದಂಟು ಕೊಯ್ದು ತೋರ್ಸವಾ” ಎಂದರು. ಅವಳ ಬ್ಲೇಡಿನಿಂದ ಈರುಳ್ಳಿ ಪೊರೆಗಿಂತ ತೆಳುವಾದ ಚೂರು ಬಂತು. ಬಣ್ಣ ಹಾಕಿ ಗಾಜಿನ ಮೇಲಿಟ್ಟಳು. ಬಿದರಿ ಬಗ್ಗಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಬಗ್ಗಿದವರು ಬೇಗ ಏಳಲಿಲ್ಲ.

“ಇದನ್ನ ಯಾರು ಕಲಿಸಿದ್ರು?”

“ಮೇಡಂ ಹೇಳಿಕೊಟ್ಟಾರ್ರಿ. ಕಲ್ತದ್ದು ಕೈ. ಮೊದಲಿನ ಮೂವತ್ತು ಚೂರು ಕೆಟ್ಟಾವ್ರಿ ಸರ.”

ಆ ವರ್ಷ ಶಿಫಾರಸನ್ನು ತಡೆಹಿಡಿದರು. ಮುಂದಿನ ವರ್ಷ ಎಲ್ಲ ಕಾಲೇಜಿಗೂ ವಿದ್ಯಾರ್ಥಿಗಳ ಪ್ರಯೋಗವೂ ಅದರ ಅಂಕಗಳೂ ಮರಳಿದವು. ಕಮತಗಿಯವರಿಗೆ ಮಾತ್ರ ದೂರದ ಊರಿಗೆ ವರ್ಗವಾಯಿತು. ಹೊರಡುವ ದಿನ ಕಸ್ತೂರಿ ಅತ್ತಳು. “ಅಳಬ್ಯಾಡ. ನಾ ತಪ್ಪು ಮಾಡಿ ಹೊಂಟಿಲ್ಲ” ಎಂದು ಹೇಳಿ ಅವರು ಬಸ್ ಹತ್ತಿದರಂತೆ. ವರದಿಯಲ್ಲಿ ಅವರು ಇಂದಿಗೂ ಗೈರುಹಾಜರು. ಅದನ್ನು ಯಾರೂ ತಿದ್ದಲಿಲ್ಲ. ನಾನೂ ಕ್ಷಮಿಸಿಲ್ಲ.

ಗೋಡೆಗೆ ಸುಣ್ಣ ಬಳಿಯುವಾಗ ನನ್ನನ್ನು ಬಿಡಿಸಿ ಬೀರುವಿಗೆ ಹಾಕಿದರು. ಒಂದು ಮೂಲೆ ಹರಿಯಿತು, ಇನ್ನೊಂದನ್ನು ಗೆದ್ದಲು ತಿಂದಿತು. ಈಗ ವಿಭಾಗದ ಮುಖ್ಯಸ್ಥೆ ಕಸ್ತೂರಿಯೇ. ತಲೆ ಅರ್ಧ ಬೆಳ್ಳಗಾಗಿದೆ. ಪ್ರಯೋಗಗಳನ್ನು ಪರದೆಯ ಮೇಲೆ ನೋಡಿದರೆ ಸಾಕು ಎಂದು ಹೊಸ ಸಮಿತಿಯೊಂದು ಹೇಳುತ್ತಿದೆಯಂತೆ. ಆ ಸಮಿತಿಯಲ್ಲಿ ಇವಳೂ ಇದ್ದಾಳೆ.

ನಿನ್ನೆ ಅವಳು ನನ್ನನ್ನು ಝೆರಾಕ್ಸ್ ಅಂಗಡಿಗೆ ಒಯ್ದಳು. ಅಂಗಡಿಯವನು ನನ್ನನ್ನು ಬೆಳಕಿಗೆ ಹಿಡಿದು ನೋಡಿದ.

“ಅಕ್ಷರ ಮಾಸ್ಯಾವ್ರಿ ಮೇಡಂ. ಸರಿಯಾಗಿ ಮೂಡೂದಿಲ್ಲ.”

“ಕಪ್ಪು ಹೆಚ್ಚು ಮಾಡಿ ತಗೀರಿ” ಎಂದಳು ಕಸ್ತೂರಿ. “ಸಮಿತಿಯವ್ರು ಹನ್ನೊಂದು ಮಂದಿ ಅದಾರ. ಒಬ್ರೂ ಓದ್ಲಿಕ್ಕೆ ಬರಲಿಲ್ಲ ಅನ್ನಬಾರ್ದು.”